ಕೊಸರಿನ ಗಡ್ಡೆ

ಬೆಳಿಗ್ಗೆ ಸೊಸೆ ಶಾರದೆ ಒಂದು ಕೆಂಪು ಬಲೆಚೀಲ ತಂದು ನನ್ನ ಮಡಿಲಿಗೆ ಹಾಕಿದಳು. ಹೊಸ ಪ್ಲಾಸ್ಟಿಕ್ಕಿನ ವಾಸನೆ. ಅದು ಮೂಗಿಗೆ ಬಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

"ಭಟ್ಕಳದ ಅಂಗಡಿಯವ್ರು ಮತ್ತೆ ನೀರುಳ್ಳಿ ಕೇಳ್ತಾ ಇದ್ರು ಅತ್ತೆ. ಚೀಲಕ್ಕೆ ಅಂಟಿಸಿದ ಚೀಟಿ ಓದಿ, ಆಮೇಲೆ ಹೂಂ ಅನ್ನಿ, ಉಹೂಂ ಅನ್ನಿ" ಎಂದಳು.

ಗದ್ದೆ ನನ್ನ ಹೆಸರಿನಲ್ಲಿದೆ. ನಾನು ಹೂಂ ಅನ್ನದೆ ಗಡ್ಡೆ ಹೊರಗೆ ಹೋಗುವುದಿಲ್ಲ. ಮೂರನೇ ಇಯತ್ತೆಯವರೆಗೆ ಕಲಿತವಳಿಗೆ ಓದುವ ಗಡಿಬಿಡಿಯೂ ಇಲ್ಲ. ಚೀಲವನ್ನು ಆಚೆ ತಳ್ಳಿ ಕುಳಿತೆ. ಹಿಂದಿನದ್ದೆಲ್ಲ ನೆನಪಾಯಿತು.

ನಮ್ಮ ಮನೆ ಕುಮಟೆಯ ಹತ್ತಿರ, ಹೆದ್ದಾರಿಯ ಬದಿಗೆ. ನಮ್ಮಲ್ಲಿ ನೀರುಳ್ಳಿಯ ದಂಟು ಕತ್ತರಿಸುವುದಿಲ್ಲ. ದಂಟಿಗೆ ದಂಟು ಸೇರಿಸಿ ಜಡೆ ಹೆಣೆದು ತೂಗುಹಾಕುತ್ತೇವೆ. ನಾನು ಮದುವೆಯಾಗಿ ಬಂದಾಗ ಆ ಜಡೆ ತಕ್ಕಡಿಯ ಮುಖ ನೋಡಿರಲಿಲ್ಲ. ಸಮುದ್ರದ ಬದಿಯ ಬಾಡ ಊರಿನಿಂದ ಮಾದೇವಿ ಒಣಮೀನಿನ ಬುಟ್ಟಿ ಹೊತ್ತು ಬರುತ್ತಿದ್ದಳು. ಈಗಲೂ ಬರುತ್ತಾಳೆ, ರಿಕ್ಷಾದಲ್ಲಿ. ನಾನು ಜಡೆ ಇಟ್ಟರೆ ಅವಳು ಮೀನು ಇಡುವಳು.

"ಇದೆಂತ ಜಡೆಯೇ, ಇಲಿ ಬಾಲವಾ?"

"ನಿನ್ನ ಮೀನಿಗಿಂತ ಉದ್ದ ಇದೆ, ತಕ್ಕೊ."

"ಆತು. ಕೊಸರು ಎಲ್ಲಿ?"

ಕೊಸರು ಅಂದರೆ ವ್ಯಾಪಾರ ಮುಗಿದ ಮೇಲೆ ಮೇಲಿಂದ ಕೊಡುವ ಒಂದು ಗಡ್ಡೆ. ಅದನ್ನು ಕೊಡದೆ ಯಾರನ್ನೂ ಕಳಿಸಬಾರದೆಂದು ನನ್ನ ಅತ್ತೆ ಕಲಿಸಿದ್ದರು. ಅವರೇನು ಧರ್ಮಾತ್ಮರಲ್ಲ. ಕೊಸರಿಗೆಂದೇ ಸಣ್ಣ ಗಡ್ಡೆಗಳ ಬೇರೆ ಗುಪ್ಪೆ ಇಟ್ಟಿರುತ್ತಿದ್ದರು. ಕೊಸರು ಸಿಕ್ಕಿದವರು ಜಡೆಯೊಳಗಿನ ಕೊಳೆತದ್ದನ್ನು ಹುಡುಕುವುದಿಲ್ಲ, ಮತ್ತೆ ನಮ್ಮ ಬಾಗಿಲಿಗೇ ಬರುತ್ತಾರೆ ಅನ್ನುವುದು ಅವರ ಉಪಾಯ. ಹಿಂದಿನವರೆಲ್ಲ ದೊಡ್ಡ ಮನಸ್ಸಿನವರು ಅನ್ನುವವರಿಗೆ ಆ ಗುಪ್ಪೆ ತೋರಿಸಬೇಕಿತ್ತು.

ಆಗ ಗದ್ದೆ ಒಡೆಯರದ್ದು, ಗೇಣಿ ನಮ್ಮದು. ಅವರ ಅಂಗಳದಲ್ಲಿ ಭತ್ತ ಅಳೆದು ಸುರಿದು ಬರುವಾಗ ಅವರು ನಮಗೆ ಕೊಸರು ಕೊಟ್ಟದ್ದನ್ನು ನಾನು ಕಂಡಿಲ್ಲ. ಮುಂದೆ ಉಳುವವನಿಗೇ ಭೂಮಿ ಬಂತು. ಡಾಂಬರು ಬಂತು, ಲಾರಿ ಬಂತು, ಗೋವಾಕ್ಕೆ ಹೋಗುವ ಕಾರು ಬಂತು. ರಸ್ತೆ ಬದಿಯಲ್ಲಿ ಗಳ ಕಟ್ಟಿ ಜಡೆ ತೂಗಿಸಿದೆ. ಅದೇ ನನ್ನ ಅಂಗಡಿ. ಆಮೇಲೆ ರಸ್ತೆ ಅಗಲವಾಯಿತು, ಗಳ ನೆಡಲು ಜಾಗ ಉಳಿಯಲಿಲ್ಲ. ದೇಶ ಮುಂದೆ ಹೋಗುತ್ತಿದೆ ಅಂದರು. ಹೌದು, ನನ್ನ ಮುಂದೆಯೇ ಹೋಯಿತು, ಕಾರಿನ ಗಾಜು ಇಳಿಸದೆ.

ನಾಲ್ಕು ವರ್ಷದ ಹಿಂದೆ ಶಾರದೆ ತಾನೇ ಬಸ್ಸು ಹತ್ತಿ ಭಟ್ಕಳಕ್ಕೆ ಹೋಗಿ ಆ ದೊಡ್ಡ ಅಂಗಡಿಯವರನ್ನು ಒಪ್ಪಿಸಿ ಬಂದಳು. ದಂಟು ಕತ್ತರಿಸಿ, ಒಂದೊಂದು ಕಿಲೋ ಬಲೆಚೀಲಕ್ಕೆ ತುಂಬಿ ಕೊಡಬೇಕು. ಅವಳು ತೂಗಿ ನನ್ನ ಕಡೆ ದೂಡುವಳು, ನಾನು ಚೀಲದ ಬಾಯಿ ಕಟ್ಟುತ್ತಿದ್ದೆ. ಕಟ್ಟುವ ಮೊದಲು ನನ್ನ ಕೈ ತನ್ನಷ್ಟಕ್ಕೇ ಒಂದು ಗಡ್ಡೆ ಒಳಗೆ ಹಾಕುತ್ತಿತ್ತು. ಒಂದು ಚೀಲವನ್ನೂ ಬಿಡಲಿಲ್ಲ. ಕೊಳ್ಳುವವರ ಮುಖ ಕಾಣದಿದ್ದರೇನು, ಕೊಸರು ಕೊಸರೇ.

ಮೂರನೇ ದಿನ ಆ ಅಂಗಡಿಯವರ ಹೊನ್ನಾವರದ ಗೋದಾಮಿನಿಂದ ಟೆಂಪೋ ಅಷ್ಟನ್ನೂ ವಾಪಸು ತಂದಿತು. ಜೊತೆಗೆ ಒಬ್ಬ ಬೊಜ್ಜಿನ ಸೂಪರ್‌ವೈಸರ್ ಇಳಿದ.

"ತೂಕ ತಪ್ಪಿದೆ ಅಜ್ಜಿ."

"ಕಮ್ಮಿ ಆತಾ?"

"ಅಲ್ಲ, ಹೆಚ್ಚಾತು."

"ಹೆಚ್ಚಾದ್ರೆ ನಿಂಗೆಂತ ಹೊಟ್ಟೆನೋವು?"

"ನಂಗಲ್ಲ, ಮಷಿನ್ನಿಗೆ. ಎಲ್ಲಾ ಚೀಲ ಒಂದೇ ತೂಕ ಇಲ್ದಿದ್ರೆ ಅದು ತಕ್ಕೊಳೂದಿಲ್ಲ."

ಕಡಿಮೆ ಕೊಟ್ಟು ಬೈಸಿಕೊಂಡವರನ್ನು ಕಂಡಿದ್ದೆ. ಹೆಚ್ಚು ಕೊಟ್ಟು ಬೈಸಿಕೊಂಡವಳು ನಾನೇ ಮೊದಲಿರಬೇಕು. ದಂಟಿಲ್ಲದ ಗಡ್ಡೆಯನ್ನು ಹೆಣೆಯಲೂ ಆಗುವುದಿಲ್ಲ. ಮಳೆ ಬರುವಷ್ಟರಲ್ಲಿ ಅರ್ಧ ಕೊಳೆಯಿತು. ಸೊಸೆಯ ಮೊದಲ ವ್ಯಾಪಾರ ನನ್ನ ಕೈಯಿಂದ ಹಾಳಾಯಿತೆಂದು ನನಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಬಾಯಿ ಜೋರು ಮಾಡಿದೆ: "ಇನ್ನು ನನ್ನ ಗದ್ದೆಯ ಒಂದು ಗಡ್ಡೆಯೂ ಆ ಅಂಗಡಿಗೆ ಹೋಗೂದಿಲ್ಲ." ನಾಲ್ಕು ವರ್ಷ ಆ ಮಾತಿಗೇ ಅಂಟಿಕೊಂಡೆ. ಶಾರದೆ ಜಡೆಗಳನ್ನು ತಲೆಯ ಮೇಲೆ ಹೊತ್ತು ಕುಮಟೆಯ ಸಂತೆಗೆ ಹೋದಳು.

ಮಧ್ಯಾಹ್ನ ಊಟವಾದ ಮೇಲೆ ಕನ್ನಡಕ ಹಾಕಿ ಚೀಟಿ ಹಿಡಿದೆ. ಒತ್ತಕ್ಷರ ಬಂದಲ್ಲಿ ನಿಂತು, ದಾಟಿ, ಓದಿದೆ. ಒಂದು ಕಿಲೋ ನೀರುಳ್ಳಿ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ, ಮೇಲೆ ನೂರು ಗ್ರಾಂ ಉಚಿತ. ನೂರು ಗ್ರಾಂ ಅಂದರೆ ನಮ್ಮ ಒಂದು ಗಡ್ಡೆ.

"ಇದೆಂತ ಮಾರಾಯ್ತಿ?"

"ಆಫರು ಅತ್ತೆ. ಹಾಗೆ ಹಾಕಿದ್ರೆ ಜನ ಮತ್ತೆ ಮತ್ತೆ ಬರ್ತಾರಂತೆ."

"ನಾನು ಹಾಕಿದ್ದನ್ನ ತಿರುಗಿ ಕಳಿಸಿದ್ದು ಇವ್ರೇ ಅಲ್ದಾ?"

"ಆಗ ನೀವು ಬರೆದು ಹಾಕಿರ್ಲಿಲ್ಲ."

ಕೆಮ್ಮು ಬರುವಷ್ಟು ನಕ್ಕೆ. ನನ್ನ ಅತ್ತೆಯ ಸಣ್ಣ ಗಡ್ಡೆಗಳ ಗುಪ್ಪೆ ಭಟ್ಕಳದ ಅಂಗಡಿಯವರೆಗೆ ಹೋಗಿ, ಅಚ್ಚು ಹಾಕಿಸಿಕೊಂಡು ಬಂದಿದೆ. ಇಷ್ಟು ವರ್ಷ ನಾನು ಸಿಟ್ಟು ಮಾಡಿಕೊಂಡದ್ದು ಯಾರ ಮೇಲೆ? ಮನೆಯವರ ಮೇಲೇ.

"ಹೂಂ, ಕೊಡು" ಅಂದೆ. "ಆದ್ರೆ ತೂಗೂದು ನಾನು, ಬಾಯಿ ಕಟ್ಟೂದು ನೀನು. ನನ್ನ ಕೈ ನಂಬೂಕಾಗೂದಿಲ್ಲ."

ಶಾರದೆ ನನ್ನ ಮುಖ ನೋಡಿದಳು. ನಾಲ್ಕು ವರ್ಷ ತಡವಾಗಿ ಬಂದ ಮಾತು ಅದು ಎಂದು ಅವಳಿಗೆ ತಿಳಿಯಿತು. ಚೀಲ ಎತ್ತಿಕೊಂಡು, ನಗು ಅಡಗಿಸುತ್ತ ಹೊರಟಳು.

"ಎರಡು ಸಾಲಿನ ದಂಟು ಕತ್ತರಿಸ್ಬೇಡ, ಜಡೆಗೆ ಬೇಕು" ಎಂದು ಹಿಂದಿನಿಂದ ಕೂಗಿದೆ. "ಮಾದೇವಿ ಚೀಟಿ ಓದೂದಿಲ್ಲ."