ಅರ್ಧ ಎಳ್ಳಿನಷ್ಟು ಗೆರೆ

ಗೋಡೆಗೆ ತೂಗುಹಾಕುವ ಕ್ಯಾಲೆಂಡರುಗಳಲ್ಲಿ ತಾರೀಕಿನ ದಪ್ಪ ಅಂಕಿಯ ಕೆಳಗೆ ತಿಥಿ, ನಕ್ಷತ್ರ, ರಾಹುಕಾಲಗಳನ್ನು ಸಾಸಿವೆಗಾತ್ರದ ಅಕ್ಷರಗಳಲ್ಲಿ ಅಚ್ಚುಹಾಕುವ ಮಹನೀಯರು, ಐವತ್ತು ದಾಟಿದವರಿಗೆ ಶುಭಮುಹೂರ್ತಗಳ ಅಗತ್ಯವೇ ಇಲ್ಲವೆಂದು ತೀರ್ಮಾನಿಸಿರಬೇಕು. ನಾನಂತೂ ಕನ್ನಡಕವನ್ನು ಹಣೆಗೇರಿಸಿ, ಮತ್ತೆ ಮೂಗಿಗಿಳಿಸಿ, ಕತ್ತನ್ನು ಹಿಂದೆ ಮುಂದೆ ಆಡಿಸಿ ಅಷ್ಟಮಿಯೋ ನವಮಿಯೋ ಎಂದು ಪತ್ತೆಹಚ್ಚುವಷ್ಟರಲ್ಲಿ ರಾಹುಕಾಲ ತಾನಾಗಿಯೇ ಕಳೆದಿರುತ್ತದೆ. ಆದರೆ ಕಳೆದ ತಿಂಗಳು ಆ ಅಕ್ಷರಗಳಿಂದ ನನಗೊಂದು ಉಪಕಾರವಾಯಿತು. ಕ್ಯಾಮೆರಾ ಪರೀಕ್ಷಿಸಲು ಇಷ್ಟು ಸೂಕ್ಷ್ಮವಾದ, ಇಷ್ಟು ಸಹನಶೀಲವಾದ ವಸ್ತು ವಿದ್ಯಾರಣ್ಯಪುರಂನ ನಮ್ಮ ಮನೆಯಲ್ಲಿ ಬೇರೊಂದಿರಲಿಲ್ಲ. ಒಂದೇ ಸಮನೆ ಕ್ಯಾಲೆಂಡರಿನ ಫೋಟೊ ಹಿಡಿಯುತ್ತಿದ್ದ ನನ್ನನ್ನು ಕಂಡು ನನ್ನ ಹೆಂಡತಿ ಸರೋಜ, “ನಮ್ಮ ಮದುವೇಲೂ ಇಷ್ಟು ಫೋಟೊ ತೆಗೆಸಿರಲಿಲ್ಲ ಕಣ್ರೀ” ಎಂದು ಕಾಫಿ ಲೋಟವನ್ನು ಕುಕ್ಕಿ ಹೋದಳು.

ಕ್ಯಾಮೆರಾ ಕೊಳ್ಳಹೊರಟವನ ಅಧ್ಯಯನಶೀಲತೆಯನ್ನು ನೀವು ನೋಡಿರದಿದ್ದರೆ ಅದೃಷ್ಟವಂತರು. ಕಾಲೇಜು ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ನಂಬರು ಅಂಟಿಸುತ್ತ ಮೂವತ್ತು ವರ್ಷ ಕಳೆದ ನಾನು, ಆರು ತಿಂಗಳಿನಿಂದ ಮೆಗಾಪಿಕ್ಸೆಲ್ ಎಂಬ ಮಂತ್ರವನ್ನು ಜಪಿಸುತ್ತಿದ್ದೆ. ಸಂಗತಿ ಇಷ್ಟೆ. ಕ್ಯಾಮೆರಾದ ಒಳಗೆ ಬೆಳಕನ್ನು ಹಿಡಿಯುವ ಸೆನ್ಸರ್ ಎಂಬ ಪುಟ್ಟ ಹಲಗೆಯಿದೆ. ಅದರ ಮೇಲೆ ಎಷ್ಟು ಕೋಟಿ ಚುಕ್ಕಿಗಳಿವೆ ಎಂಬುದು ಒಂದು ಲೆಕ್ಕ. ಆ ಹಲಗೆಗೆ ಬೆಳಕನ್ನು ತಂದು ಬೀಳಿಸುವ ಗಾಜಿನ ಮಸೂರ ಎಷ್ಟು ಶುದ್ಧ ಎಂಬುದು ಇನ್ನೊಂದು. ಎರಡೂ ಉತ್ತಮವಾಗಿರುವುದು ಶ್ರೀಮಂತರಿಗೆ ಮೀಸಲು. ನಮ್ಮಂಥವರು ಒಂದನ್ನು ಹಿಡಿದು ಇನ್ನೊಂದನ್ನು ಬಿಡಬೇಕು. ಚುಕ್ಕಿ ಹೆಚ್ಚಾದಷ್ಟೂ ರಂಗೋಲಿ ದೊಡ್ಡದಾಗುತ್ತದೆಂಬ ಬಾಲ್ಯದ ಗಣಿತದಿಂದ ನಾನು ಅರವತ್ತು ಮೆಗಾಪಿಕ್ಸೆಲ್ಲಿನ ಪಕ್ಷಪಾತಿಯಾಗಿದ್ದೆ.

ಉದಯಗಿರಿಯಲ್ಲಿ ಕ್ಯಾಮೆರಾ ರಿಪೇರಿ ಮಾಡುವ ಶಿವಣ್ಣ ನನ್ನ ಉಪನ್ಯಾಸವನ್ನೆಲ್ಲ ಸ್ಕ್ರೂ ತಿರುಗಿಸುತ್ತಲೇ ಕೇಳಿ, ತಲೆಯೆತ್ತದೆ ಹೇಳಿದ: “ಅಂಗಲ್ಲ ಸಾರ್. ನಲ್ಲೀಲಿ ಬರೋ ನೀರೇ ಬಗ್ಗಡ ಆಗಿದ್ರೆ ದೊಡ್ಡ ಹಂಡೆ ಇಟ್ಟು ಏನ್ ಮಾಡ್ತೀರಾ? ಬಗ್ಗಡ ಜಾಸ್ತಿ ಇಡಿಸ್ತದೆ, ಅಷ್ಟೆ.” ನನ್ನ ಮುಖದ ಮೇಲೆ ಅಪನಂಬಿಕೆ ಕಂಡಿರಬೇಕು, ಎರಡು ಸೆಟ್ಟುಗಳನ್ನು ಚೀಲಕ್ಕೆ ತುಂಬಿ ಕೊಟ್ಟ. ಒಂದು, ಅರವತ್ತು ಮೆಗಾಪಿಕ್ಸೆಲ್ಲಿನ ಹೊಸ ಕ್ಯಾಮೆರಾ, ಜೊತೆಗೆ ಹೆಸರಿಗೊಂದು ಅಗ್ಗದ ಮಸೂರ. ಇನ್ನೊಂದು, ಇಪ್ಪತ್ತನಾಲ್ಕರ ಹಳೆಯ ಕ್ಯಾಮೆರಾ, ಮೂಲೆಗಳಲ್ಲಿ ಬಣ್ಣ ಕಿತ್ತುಹೋದದ್ದು. ಅದರ ಮೂತಿಗೆ ಮಾತ್ರ ಅತಿ ಸಮೀಪದ ವಸ್ತುಗಳಿಗೆಂದೇ ಮಾಡಿದ ಭಾರವಾದ, ಶುಭ್ರವಾದ ಮಸೂರ. “ವಾರ ಇಟ್ಕೊಂಡು ನೋಡಿ. ಆಮೇಲೆ ನನ್ನ ಬೈಯಿರಿ” ಎಂದ. ಕ್ಯಾಲೆಂಡರಿನ ಮೇಲೆ ನಾನು ಪ್ರಯೋಗಿಸಿದ್ದು ಇವನ್ನೇ; ಆದರೆ ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆಯಲ್ಲಿ ನನ್ನ ಕಣ್ಣಿಗೆ ಎರಡರ ತಿಥಿಯೂ ಒಂದೇ ಥರ ಕಂಡಿತು.

ಇಷ್ಟೆಲ್ಲ ಆತುರ ಯಾಕೆಂದು ಈಗ ಹೇಳಿಬಿಡುತ್ತೇನೆ. ಹಕ್ಕಿ, ಹೂವುಗಳ ಫೋಟೊ ತೆಗೆಯುವುದು ನನ್ನ ನೆಪ. ನಿಜವಾದ ಕಾರಣ ಸಿದ್ಧಾರ್ಥನಗರದಲ್ಲಿದ್ದಾಳೆ. ನನ್ನಕ್ಕ ವಿಶಾಲಕ್ಕ ನಲವತ್ತು ವರ್ಷಗಳಿಂದ ಮೈಸೂರು ಶೈಲಿಯ ಚಿತ್ರ ಬರೆಯುವವಳು. ಮರದ ಹಲಗೆಗೆ ಮೆತ್ತಿದ ಉಬ್ಬುಕೆಲಸದ ಮೇಲೆ ಚಿನ್ನದ ತೆಳು ರೇಕು ಅಂಟಿಸಿ, ಅಳಿಲಿನ ಕೂದಲಿನ ಕುಂಚದಲ್ಲಿ ದೇವತೆಗಳ ಹುಬ್ಬು ತೀಡುವವಳು. ಎರಡು ವರ್ಷದಿಂದ ಅವಳ ಕಣ್ಣಿನ ನಡುಭಾಗ ಮಸುಕಾಗುತ್ತಿದೆ. ಮಸೂರ ಚೆನ್ನಾಗಿಯೇ ಇದೆ, ಹಿಂದಿನ ಪರದೆ ಸವೆದಿದೆ, ಅದಕ್ಕೆ ಬದಲಿ ಇಲ್ಲ ಎಂದರು ಡಾಕ್ಟರು. ಕ್ಯಾಮೆರಾಶಾಸ್ತ್ರದ ನನ್ನ ಪಾಂಡಿತ್ಯವೆಲ್ಲ ಆ ಒಂದು ವಾಕ್ಯದ ಮುಂದೆ ಕೆಲಸಕ್ಕೆ ಬಾರದೆ ಹೋಯಿತು. ಈಗ ಅವಳು ಏನನ್ನಾದರೂ ನೋಡಬೇಕಾದರೆ ಮುಖವನ್ನು ಪಕ್ಕಕ್ಕೆ ತಿರುಗಿಸಿ ಕಣ್ಣಂಚಿನಿಂದ ನೋಡುತ್ತಾಳೆ. “ಕೋಳಿ ಕಾಳು ನೋಡ್ದಂಗೆ ನೋಡ್ತೀನಿ ಕಣೋ” ಎಂದು ತಾನೇ ನಗುತ್ತಾಳೆ.

ಅಂಥ ಕಣ್ಣಿನಲ್ಲೇ ಎಂಟು ತಿಂಗಳು ಕೂತು ಒಂದು ಸರಸ್ವತಿಯನ್ನು ಬರೆದಿದ್ದಳು. ಯಾರೋ ಹೊಸ ಮನೆಯ ದೇವರಕೋಣೆಗೆಂದು ಹೇಳಿ ಮಾಡಿಸಿದ್ದು; ಶುಕ್ರವಾರ ಒಯ್ಯಲು ಬರುವವರಿದ್ದರು. ಈ ಕಸುಬಿನಲ್ಲಿ ಕಣ್ಣು ಬರೆಯುವುದು ಕಟ್ಟಕಡೆಗೆ. ಅದನ್ನೂ ಕೈಯ ರೂಢಿಯಿಂದಲೇ ಬರೆದು ಮುಗಿಸಿದ್ದಳು. ಸರಿಯಾಗಿದೆಯೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ. ನಾವೆಲ್ಲ ಚೆನ್ನಾಗಿದೆ ಎಂದೆವು. “ಚೆನ್ನಾಗಿದೆ ಅಂತ ನೀವು ನನ್ನ ಉಪ್ಪಿಟ್ಟಿಗೂ ಅಂತೀರ” ಎಂದಳು ಅಕ್ಕ. “ನಾನೇ ನೋಡ್ಬೇಕು. ಕಣ್ಣು ತಪ್ಪಿದ್ರೆ ಇದನ್ನ ಕೊಡೋಲ್ಲ. ಕುಂಚಾನೂ ಇನ್ ಮುಟ್ಟೋಲ್ಲ.” ಅಕ್ಕ ಬೆದರಿಸುವವಳಲ್ಲ, ಆಡಿದ್ದನ್ನು ಮಾಡುವವಳು.

ಬುಧವಾರ ಮಧ್ಯಾಹ್ನ ಎರಡೂ ಸೆಟ್ಟು ಹೊತ್ತು ಅವಳ ಮನೆಗೆ ಹೋದೆ. ಚಿತ್ರವನ್ನು ಮೇಜಿನ ಮೇಲೆ ಮಲಗಿಸಿ, ಬೆಳಕು ಸಾಲದೆಂದು ಫ್ಲ್ಯಾಶ್ ಹಾಕಿದ್ದು ನನ್ನ ಮೊದಲ ಪ್ರಮಾದ. ಚಿನ್ನದ ರೇಕೆಲ್ಲ ಒಮ್ಮೆಲೇ ಧಗ್ಗೆಂದು, ಫೋಟೊದಲ್ಲಿ ದೇವಿಯ ಬದಲು ಒಂದು ಬಿಳಿಯ ಸ್ಫೋಟ ಮೂಡಿತು. “ನಿನ್ನ ಟಾರ್ಚ್ ಆರಿಸೋ, ಅವಳೇನು ಕಳ್ಳೀನಾ?” ಎಂದು ಬೈದು, ಅಕ್ಕ ಒಳಗಿನಿಂದ ಬಿಳಿ ಪಂಚೆಯೊಂದನ್ನು ತಂದುಕೊಟ್ಟಳು. ಕಿಟಕಿಯ ಬಾಗಿಲು ತೆರೆದು ಅದನ್ನು ಅಡ್ಡಕಟ್ಟಿದ ಮೇಲೆ ಮಜ್ಜಿಗೆಯಂಥ ಮೆತ್ತನೆಯ ಬೆಳಕು ಹರಡಿತು.

ಮೊದಲು ಅರವತ್ತು ಮೆಗಾಪಿಕ್ಸೆಲ್ಲು. ತೆಗೆದ ಫೋಟೊವನ್ನು ಗೋಡೆಯ ದೊಡ್ಡ ಟಿವಿಗೆ ಜೋಡಿಸಿ, ಮುಖವನ್ನಷ್ಟೇ ಹಿಗ್ಗಿಸಿದೆ. ಹಿಗ್ಗಿತು, ಹಿಗ್ಗುತ್ತಲೇ ಹೋಯಿತು. ಆದರೆ ಹುಬ್ಬು ಕಾಡಿಗೆ ಕದಡಿದಂತೆ, ತುಟಿ ಕುಂಕುಮ ಚೆಲ್ಲಿದಂತೆ. ಅಕ್ಕ ಮುಖ ವಾರೆ ಮಾಡಿ ನೋಡಿ, “ಈಗ ನಿನ್ನ ಕ್ಯಾಮೆರಾಗೂ ನನ್ನ ಕಾಯಿಲೆ ಬಂತಾ?” ಎಂದಳು. ಶಿವಣ್ಣನ ಹಂಡೆ ನನ್ನ ಕಣ್ಣ ಮುಂದೆ ಬಂದು ನಿಂತಿತು, ಬಗ್ಗಡ ತುಂಬಿಕೊಂಡು.

ಹಳೆಯ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು, ಚಿತ್ರದ ಮೇಲೆ ಬಗ್ಗಿಸಿ, ಅದು ಕಂಡದ್ದೆಲ್ಲ ಆಗಲೇ ಕಾಣುವಂತೆ ತಂತಿಯಿಂದ ನೇರ ಟಿವಿಗೆ ಜೋಡಿಸಿ, ಮಸೂರದ ಉಂಗುರವನ್ನು ಕೂದಲೆಳೆಯಷ್ಟು ತಿರುಗಿಸಿದೆ. ಟಿವಿಯ ಮೇಲೆ ಮಂಜು ಸರಿದಂತಾಯಿತು. ಓದುಗರೇ, ಆ ಕ್ಷಣವನ್ನು ಹೇಗೆ ಹೇಳಲಿ? ನಲವತ್ತು ವರ್ಷ ಅಕ್ಕನ ಪಕ್ಕದಲ್ಲಿ ಕೂತು ಕಾಫಿ ಕುಡಿದಿದ್ದೇನೆ. ಅವಳೇನು ಮಾಡುತ್ತಿದ್ದಳೆಂದು ನನಗೆ ಆವತ್ತಿನವರೆಗೆ ಗೊತ್ತೇ ಇರಲಿಲ್ಲ. ಒಂದೇ ಗೆರೆಯೆಂದು ನಾನು ಭಾವಿಸಿದ್ದ ಹುಬ್ಬು ನೂರಾರು ಗೆರೆಗಳ ಒಂದು ಗರಿ. ಪ್ರತಿಯೊಂದೂ ಬುಡದಲ್ಲಿ ಗಟ್ಟಿ, ತುದಿಯಲ್ಲಿ ಗಾಳಿ. ಮೂಗುತಿಯ ಮುತ್ತಿನೊಳಗೆ ಬಿಳಿಯ ಮೇಲೆ ಇನ್ನೊಂದು ಬಿಳಿ. ಯಾರೂ ಎಂದೂ ಇಷ್ಟು ಸಮೀಪದಿಂದ ನೋಡುವುದಿಲ್ಲವೆಂದು ತಿಳಿದೂ, ನೋಡುವವರಿಗಾಗಿ ಅಲ್ಲದೆ, ಇರಬೇಕಾದದ್ದು ಇರಲೇಬೇಕೆಂದು ಇಟ್ಟ ಗೆರೆಗಳು. ಮಸೂರ ಅವುಗಳಲ್ಲಿ ಒಂದನ್ನೂ ಕೂಡಿಸಲಿಲ್ಲ, ಒಂದನ್ನೂ ಕಳೆಯಲಿಲ್ಲ.

ಅಕ್ಕ ಟಿವಿಯ ಹತ್ತಿರ ಕುರ್ಚಿ ಎಳೆದುಕೊಂಡಳು. ಎಡಕ್ಕೆ ತಿರುಗಿ ಬಲಗಣ್ಣಿನ ಅಂಚಿನಿಂದ, ಬಲಕ್ಕೆ ತಿರುಗಿ ಎಡಗಣ್ಣಿನ ಅಂಚಿನಿಂದ, ಗಡಿಯಾರದ ಮುಳ್ಳು ಕಾಲು ಸುತ್ತು ಹೋಗುವಷ್ಟು ಹೊತ್ತು ನೋಡಿದಳು. ಆಮೇಲೆ ತೊಡೆ ತಟ್ಟಿಕೊಂಡಳು.

“ಎಡಗಣ್ಣಿನ ತುದಿ ಗಿಡ್ಡ ಆಗಿದೆ ಕಣೋ. ಅರ್ಧ ಎಳ್ಳಿನಷ್ಟು.”

ನಾನು ಕನ್ನಡಕ ಹಾಕಿ ನೋಡಿದೆ, ತೆಗೆದು ನೋಡಿದೆ. ಏನೂ ಕಾಣಲಿಲ್ಲ. “ಸರಿಯಾಗೇ ಇದೆಯಲ್ಲ ಅಕ್ಕ” ಎಂದೆ.

“ಅದಕ್ಕೇ ನೀನು ಪುಸ್ತಕಕ್ಕೆ ನಂಬರ್ ಅಂಟಿಸ್ತಿರೋದು. ಕಪ್ಪು ಕಲಸು.”

ತಪ್ಪಿದ್ದರೆ ಕುಂಚ ಮುಟ್ಟೆನೆಂದವಳು ಕುಂಚಕ್ಕೆ ಬಣ್ಣ ಕೇಳುತ್ತಿದ್ದಳು! ಚಿಪ್ಪಿನಲ್ಲಿ ಕಪ್ಪು ಕಲಸಿಕೊಟ್ಟೆ. ಟಿವಿಯನ್ನು ಅಂಚುಗಣ್ಣಿನಿಂದ ನೋಡುತ್ತ ಅವಳು ಕುಂಚವನ್ನು ಮಸೂರದ ಕೆಳಗೆ ತಂದಳು. ಪರದೆಯ ಮೇಲೆ ಅದು ತೆಂಗಿನ ಕಾಂಡದಷ್ಟಾಗಿ ಇಳಿಯಿತು. ಮೂರು ಕೂದಲಿನ ತುದಿ ದೇವಿಯ ಕಣ್ಣಂಚಿನ ಮೇಲೆ ಬಂದು ನಿಂತಿತು. ಒಂದು ಸೀನು, ಒಂದು ನಡುಕ, ಎಂಟು ತಿಂಗಳು ಮಣ್ಣುಪಾಲು. ಅಷ್ಟರಲ್ಲಿ ನಾನು ನೋಡಿದೆ: ಜಾಗ ಸಿಕ್ಕೊಡನೆ ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು. ಮುಚ್ಚಿದ ಕಣ್ಣಿನಲ್ಲೇ ಒಂದು ಉಸಿರನ್ನು ಅರ್ಧಕ್ಕೆ ಹಿಡಿದು, ಗೆರೆ ಎಳೆದು, ಕೈ ಎತ್ತಿದಳು.

ಟಿವಿಯ ಮೇಲೆ ಸರಸ್ವತಿ ಇದ್ದಕ್ಕಿದ್ದಂತೆ ನೋಡತೊಡಗಿದಳು. ಇಷ್ಟು ಹೊತ್ತು ಅವಳು ನೋಡುತ್ತಿರಲಿಲ್ಲವೆಂದು ನನಗೆ ಆಗಷ್ಟೇ ತಿಳಿಯಿತು.

“ತಲುಪ್ತಾ?” ಎಂದಳು ಅಕ್ಕ, ಕಣ್ಣು ಇನ್ನೂ ತೆರೆಯದೆ. ಏನೆಂದರೂ ಉಪ್ಪಿಟ್ಟಿನ ಸಾಲಿಗೆ ಸೇರುತ್ತದೆಂದು ಹೆದರಿ ನಾನು ಟಿವಿಯಲ್ಲಿ ಆ ಕಣ್ಣನ್ನು ಇನ್ನಷ್ಟು ಹಿಗ್ಗಿಸಿದೆ. ಅವಳೇ ಕಣ್ಣು ಬಿಟ್ಟು, ಕೋಳಿಯಂತೆ ಕತ್ತು ತಿರುಗಿಸಿ, ಬಹಳ ಹೊತ್ತು ನೋಡಿದಳು. ಕುಂಚವನ್ನು ನೀರಿನಲ್ಲಿ ಅಲುಬಿ, ತುದಿಯನ್ನು ಬೆರಳಿನಿಂದ ಚೂಪು ಮಾಡಿ, ಡಬ್ಬಿಗೆ ಇಟ್ಟಳು.

“ಶುಕ್ರವಾರ ಬರೋರಿಗೆ ಕೊಟ್ಬುಡು” ಎಂದಳು. “ಆ ಹಳೇ ಕ್ಯಾಮೆರಾ ಮಾತ್ರ ವಾಪಸ್ ಕೊಟ್ಬುಟ್ಟೀಯ, ಜೋಕೆ. ಇನ್ನೊಂದು ಹಲಗೆ ಖಾಲಿ ಇದೆ.”