ತೊಣ್ಣೂರಿನ ಜಗಲಿಯ ಮೇಲಿನ ಬ್ಯಾಟರಿ

ಅವನ ಅಂಗಿಗಳ ಹೊಟ್ಟೆಯ ಭಾಗದಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ತೂತುಗಳು ಇದ್ದೇ ಇರುತ್ತಿದ್ದವು. ಬ್ಯಾಟರಿಯ ಆಸಿಡ್ ಸಿಡಿದು ಆದ ತೂತುಗಳು. ತೊಣ್ಣೂರಿನ ನಮ್ಮ ಅತ್ತೆಯ ಮನೆಗೆ ಹಬ್ಬಕ್ಕೂ ಅವನು ಅಂಥ ಅಂಗಿಯಲ್ಲೇ ಬರುತ್ತಿದ್ದ. ಅತ್ತೆ ನಗುತ್ತಾ ಅವನನ್ನು ಬನಿಯನ್ನಿನಲ್ಲಿ ಜಗಲಿಯ ಮೇಲೆ ಕೂರಿಸಿ, ಅಂಗಿ ತೆಗೆದುಕೊಂಡು ತೂತಿಗೆ ದಾರ ಹಾಕಿಕೊಡುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ ಹಿರಿಯಳಿಯನಾದ ನಾನು ಎದುರಿನ ಕುರ್ಚಿಯಲ್ಲಿ ಕಾಫಿ ಕುಡಿಯುತ್ತಾ ಅದನ್ನು ನೋಡುತ್ತಿದ್ದೆ. ಕಾಫಿ ಕಹಿಯಾಗುತ್ತಿತ್ತು.

ಅವನು ನನ್ನ ಷಡ್ಡಕ, ನನ್ನ ಹೆಂಡತಿಯ ತಂಗಿಯ ಗಂಡ. ಇಬ್ಬರದೂ ಆಚಾರರ ಮನೆತನ. ನಾನು ಹೈಸ್ಕೂಲು ಮುಗಿಸಿ ಪಾಂಡವಪುರದಲ್ಲಿ ಅಪ್ಪನ ಚಿನ್ನಬೆಳ್ಳಿ ಕೆಲಸಕ್ಕೆ ಕೂತೆ. ಅವನ ಮನೆಯವರು ಕುಲುಮೆಯವರು. ಅವನು ಕುಲುಮೆ ಬಿಟ್ಟು ಬಾಬುರಾಯನಕೊಪ್ಪಲಿನಲ್ಲಿ, ಮೈಸೂರು ರಸ್ತೆಯ ಮೇಲೆ, ಬ್ಯಾಟರಿ ಅಂಗಡಿ ಇಟ್ಟಿದ್ದ. ವರ್ಷಗಟ್ಟಲೆ ನಿಂತು ಹೋದ ಕಾರು, ಟ್ರಾಕ್ಟರುಗಳ ಬ್ಯಾಟರಿ ಎಬ್ಬಿಸುವುದರಲ್ಲಿ ಅವನಿಗೆ ಹೆಸರಿತ್ತು. ನಾಗಮಂಗಲ, ಕೆ.ಆರ್. ಪೇಟೆ ಕಡೆಯಿಂದಲೂ ಜನ ಹೊತ್ತು ತರುತ್ತಿದ್ದರು. ಬೇರೆಯವರು ಕೈಬಿಟ್ಟದ್ದರ ಮುಚ್ಚಳ ಬಿಚ್ಚಿ ಇಣುಕಿ, "ಸತ್ತಿಲ್ಲ ಕಣಣ್ಣ, ಮುನಿಸ್ಕೊಂಡದೆ ಅಷ್ಟೆ" ಎನ್ನುತ್ತಿದ್ದ.

ಆ ಮುನಿಸು ಇಳಿಸಲು ಅವನಿಗೆ ಆತುರವೇ ಇರುತ್ತಿರಲಿಲ್ಲ. ತುದಿಗಳಿಗೆ ಕೂತ ಬಿಳಿ ಪುಡಿ ತೊಳೆದು, ಡಿಸ್ಟಿಲ್ಡ್ ವಾಟರ್ ತುಂಬಿ, ತೀರಾ ಕಡಿಮೆ ಕರೆಂಟು ಕೊಟ್ಟು ದಿನಗಟ್ಟಲೆ ಬಿಡುತ್ತಿದ್ದ. ಆಗಾಗ ಬಂದು ಜ್ವರ ನೋಡುವವರಂತೆ ಹಿಂಗೈಯಿಂದ ಮುಟ್ಟುತ್ತಿದ್ದ. ಬೆಚ್ಚಗಾಗಿದ್ದರೆ ನಿಲ್ಲಿಸಿ, ಆರಿದ ಮೇಲೆ ಮತ್ತೆ ಹಚ್ಚುತ್ತಿದ್ದ.

ಮಾವ ತೀರಿಕೊಂಡ ಮೇಲೆ ಅವರ ಕಾರು ಎರಡು ವರ್ಷ ಶೆಡ್ಡಿನಲ್ಲೇ ನಿಂತಿತು. ಹಾಸಿಗೆ ಹಿಡಿಯುವ ಮುಂಚೆಯಷ್ಟೇ ಅವರು ಅದಕ್ಕೆ ಹೊಸ ಬ್ಯಾಟರಿ ಹಾಕಿಸಿದ್ದರು. ಬೇರೆ ಬ್ಯಾಟರಿ ತರುವುದು ಅತ್ತೆಗೆ ಬೇಡವಾಗಿತ್ತು. "ಅವ್ರು ಕೈಯಾರ ಹಾಕ್ಸಿದ್ದು. ಅದ್ರಲ್ಲೇ ಓಡುದ್ರೆ ಮಡಿಕಳಾವ, ಇಲ್ದಿದ್ರೆ ಗುಜರಿಗೆ ಕೊಟ್ಬುಡಾವ. ಎಬ್ಬಿಸ್ದೋರೇ ಕೀ ಮಡಿಕೊಳ್ಳಿ" ಎಂದರು. ಹೇಳಿದ್ದು ಚಿಕ್ಕಳಿಯನ ಮುಖ ನೋಡಿ. ಮಾವ ಇದ್ದಾಗ ಆ ಕಾರಿನ ಸ್ಟೇರಿಂಗ್ ಹಿಡಿಯುತ್ತಿದ್ದವನು ನಾನು. ಅವರನ್ನು ಆಸ್ಪತ್ರೆಗೆ ಕರೆದೊಯ್ದವನೂ ನಾನೇ. ಅದೆಲ್ಲ ಯಾರಿಗೂ ನೆನಪಿಲ್ಲವೇ ಎಂದು ಮನೆಗೆ ಬಂದು ಹೆಂಡತಿಯ ಮೇಲೆ ರೇಗಿದೆ.

ಷಡ್ಡಕ ಬ್ಯಾಟರಿಯನ್ನು ಜಗಲಿಯ ಮೇಲಿಟ್ಟು ಚಾರ್ಜರಿಗೆ ಕೊಟ್ಟ. ದಿನಾ ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆ ಅಷ್ಟು ದೂರದಿಂದ ಸ್ಕೂಟರಿನಲ್ಲಿ ಬಂದು ನೋಡಿ ಹೋಗುತ್ತಿದ್ದ. ಕರೆಂಟು ಹೆಚ್ಚು ಕಡಿಮೆ ಮಾಡುವ ಗುಂಡಿಯನ್ನು ಯಾರೂ ಮುಟ್ಟಬೇಡಿ, ಆತುರ ಮಾಡಿದರೆ ಒಳಗಿನ ಪ್ಲೇಟುಗಳು ಸೊಟ್ಟಗಾಗುತ್ತವೆ ಎಂದು ಮನೆಮಂದಿಗೆಲ್ಲ ಹೇಳಿದ್ದ.

ಅವನು ಬರಲಾಗದ ಒಂದು ದಿನ ನಾನು ಹೋದೆ. ಅತ್ತೆಯ ಓಲೆಯ ತಿರುಪು ಸರಿಮಾಡಿ ತಂದಿದ್ದೆ. ಅವರು ಹಿತ್ತಲಲ್ಲಿ ಸೊಪ್ಪು ಬಿಡಿಸುತ್ತಿದ್ದರು. ಚಾರ್ಜರಿನ ಮುಳ್ಳು ತಳದಲ್ಲೇ ತೂಕಡಿಸುತ್ತಿತ್ತು. ನಮ್ಮ ಕಸುಬಿನಲ್ಲಿ ಕರಗದ ಚಿನ್ನಕ್ಕೆ ಇನ್ನಷ್ಟು ಬೆಂಕಿ ಕೊಡುತ್ತೇವೆ. ಎಷ್ಟು ಕಾಯಿಸಿದರೂ ಚಿನ್ನ ಕೆಡುವುದಿಲ್ಲ. ಇದೂ ಹಾಗೆಯೇ ಇರಬೇಕು, ಇವನು ಹೆಸರಿಗಾಗಿ ದಿನ ದೂಡುತ್ತಿದ್ದಾನೆ ಎಂದುಕೊಂಡೆ. ಸಂಜೆಯೊಳಗೆ ಕಾರು ಎದ್ದರೆ ಎಬ್ಬಿಸಿದವನು ನಾನಾಗುತ್ತೇನೆ. ಗುಂಡಿಯನ್ನು ಕೊನೆಯವರೆಗೂ ತಿರುಗಿಸಿ ಒಳಗೆ ಹೋಗಿ ಊಟಕ್ಕೆ ಕೂತೆ.

ಊಟ ಮುಗಿಸಿ, ಒಂದು ಗಳಿಗೆ ಮಲಗಿ ಎದ್ದು ಬರುವಷ್ಟರಲ್ಲಿ ಬ್ಯಾಟರಿ ಎಸರಿನಂತೆ ಕೊತಗುಟ್ಟುತ್ತಿತ್ತು. ಕೊಳೆತ ಮೊಟ್ಟೆಯ ವಾಸನೆ. ಪಕ್ಕಗಳು ಉಬ್ಬಿದ್ದವು. ನಾನು ಗುಂಡಿಯನ್ನು ಮೊದಲಿದ್ದ ಜಾಗಕ್ಕೇ ತಂದಿಟ್ಟು, ಅತ್ತೆಗೆ ಹೇಳಿ ಪಾಂಡವಪುರಕ್ಕೆ ಹೊರಟುಬಿಟ್ಟೆ.

ಮಾರನೆಯ ದಿನ ತಡೆಯಲಾರದೆ ಮತ್ತೆ ಹೋದೆ. ಅವನು ಬ್ಯಾಟರಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದ. ಅತ್ತೆ ಏನಾಯಿತೆಂದು ಕೇಳಿದರು.

"ನನ್ ಕೈಯೇ ಎಲ್ಲೋ ತಪ್ಪೋಯ್ತು ಅತ್ತೆ" ಎಂದ.

"ನಂಬಿ ಕೊಟ್ಟಿದ್ನಲ್ಲಪ್ಪ" ಎಂದರು ಅತ್ತೆ. ಅವನಿಗೆ ಅವರು ಬಿರುಸಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ನನ್ನೊಳಗೆ ಒಂದು ತಣ್ಣನೆಯ ಸುಖ ಹರಿಯಿತು. ಇದನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೆ ಹರಿದದ್ದು ನಿಜ.

ಅವನು ಅಂಗಡಿಯಿಂದ ಬೇರೆ ಬ್ಯಾಟರಿ ತಂದು ಜೋಡಿಸಿದ. ಇಂಜಿನ್ನಿನ ಸದ್ದು ಕೇಳಿದ ಮೇಲೆ ಕಾರನ್ನು ಗುಜರಿಗೆ ಕಳಿಸಲು ಅತ್ತೆಗೆ ಮನಸ್ಸಾಗಲಿಲ್ಲ. ಕೀ ಹಿಡಿದು ಯಾರಿಗೆ ಕೊಡುವುದೆಂದು ಅವರು ನೋಡುತ್ತಿದ್ದಾಗ ಅವನೇ ಹೇಳಿದ: "ಅಣ್ಣಂಗೆ ಕೊಡಿ. ನಂಗೆಲ್ಲಿ ಬತ್ತದೆ ಕಾರೋಡ್ಸಕ್ಕೆ."

ಅಷ್ಟು ವರ್ಷದ ನೆಂಟಸ್ತನದಲ್ಲಿ ಅವನಿಗೆ ಕಾರು ಓಡಿಸಲು ಬರುವುದಿಲ್ಲವೆಂದು ನನಗೆ ಗೊತ್ತಿರಲಿಲ್ಲ. ಆದರೂ ಕೀ ಈಸಿಕೊಂಡೆ.

ಆಮೇಲೆ ಅವನು ಹಳೆಯ ಬ್ಯಾಟರಿಗಳನ್ನು ಮುಟ್ಟುವುದನ್ನೇ ಬಿಟ್ಟ. ಒಮ್ಮೆ ಅವನ ಅಂಗಡಿಯಲ್ಲಿ ಕೂತಿದ್ದೆ. ಬಿಂಡಿಗನವಿಲೆಯ ರೈತರೊಬ್ಬರು ಟ್ರಾಕ್ಟರಿನ ಬ್ಯಾಟರಿಯನ್ನು ಬಸ್ಸಿನಲ್ಲಿ ಹಾಕಿಕೊಂಡು ಬಂದಿದ್ದರು. ಅವನು ಮುಚ್ಚಳವನ್ನೂ ಬಿಚ್ಚಲಿಲ್ಲ. "ಹೊಸದಾಕ್ಸಿ ಬುಡಿ ಯಜಮಾನ್ರೆ, ಇದು ನನ್ ಕೈಲಾಗಕಿಲ್ಲ" ಎಂದು ಕಳಿಸಿದ. ಅವರು ಹೋದ ಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ: "ಅಣ್ಣ, ಅವತ್ತು ತೊಣ್ಣೂರಲ್ಲಿ ಕರೆಂಟು ಎಚ್ಚುಕಮ್ಮಿ ಆಗಿತ್ತಾ? ನೀವಿದ್ರಂತಲ್ಲ."

"ಗೊತ್ತಿಲ್ಲಪ್ಪ" ಎಂದೆ.

ಹೋದ ಕಾರ್ತಿಕದಲ್ಲಿ ಅವನು ಅಂಗಡಿಯಲ್ಲೇ ಎದೆನೋವು ಬಂದು ಹೋಗಿಬಿಟ್ಟ. ಶ್ರೀರಂಗಪಟ್ಟಣದಲ್ಲಿ ಬೂದಿ ಬಿಟ್ಟು ಬಂದ ದಿನ, ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ, ನಾನು ನಾದಿನಿಯ ಕೋಣೆಗೆ ಹೋಗಿ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಅವಳು ಅಳಲಿಲ್ಲ, ಬಯ್ಯಲಿಲ್ಲ.

"ಆ ಬ್ಯಾಟ್ರಿನ ಕುಯ್ದು, ಪ್ಲೇಟೆಲ್ಲ ಅಂಗಳದಲ್ಲಿ ಹರವ್ಕೊಂಡು ಕೂತಿರೋರು ಭಾವ, ಎಲ್ಲಿ ತಪ್ದೆ ಎಲ್ಲಿ ತಪ್ದೆ ಅಂತ. ಇದ್ದಾಗ ಒಂದ್ ಮಾತ್ ಅಂದಿದ್ರೆ ಬೇಜಾರೂ ಮಾಡ್ಕೊತಿರಲಿಲ್ಲ ಅವ್ರು. ಇನ್ನೊಂದಷ್ಟು ಬ್ಯಾಟ್ರಿ ಎಬ್ಬಿಸೋರು."