ನಾನು ತೊಳೆಯದ ಕಾಲಿನ ಸಲುವಾಗಿ ಶಿವಮೊಗ್ಗಕ್ಕೆ

ಆಗ ನನಗೆ ಎಪ್ಪತ್ತೊಂದು. ಎರಡು ವರ್ಷದ ಹಿಂದಿನ ಮಾತು. ಯುಗಾದಿ ಕಳೆದ ಮೇಲಿನ ಒಂದು ಭಾನುವಾರ, ಬೆಳಗಿನ ಇಡ್ಲಿ ವ್ಯಾಪಾರ ಬೇಗ ಮುಗಿಸಿ ಭದ್ರಾವತಿ ಬಸ್ ಸ್ಟ್ಯಾಂಡಿಗೆ ನಡೆದೆ. ಶಿವಮೊಗ್ಗದ ವಿದ್ಯಾನಗರದಲ್ಲಿ ಒಬ್ಬ ಕಥೆಗಾರನನ್ನು ಹಿಡಿದು ಕೇಳುವುದಿತ್ತು.

ಅವನ ಹೆಸರು ಮಂಜುನಾಥ. ಕಾಲೇಜು ಓದುವಾಗ ಕಾರ್ಖಾನೆ ಕ್ವಾರ್ಟರ್ಸ್ ಪಕ್ಕದ ನನ್ನ ಹೋಟೆಲಿನಲ್ಲೇ ತಿಂಡಿ ತಿಂದವನು, ಈಗ ಮೇಷ್ಟ್ರು. ಒಂದು ಸಾಹಿತ್ಯ ಪತ್ರಿಕೆಯಲ್ಲಿ ಅವನ ಕಥೆ ಬಂದಿತ್ತು. ಪ್ರತಿಯನ್ನು ನನಗೂ ಕಳಿಸಿದ್ದ. ಅಕ್ಷರ ಕೂಡಿಸಿಕೊಂಡು ಓದುವವಳು ನಾನು; ಮುಗಿಸಲು ಒಂದು ವಾರ ಹಿಡಿಯಿತು. ಗಂಗಮ್ಮನಾದ ನನ್ನನ್ನು ತುಂಗಮ್ಮ ಮಾಡಿದ್ದ. ಅವನು ಪಟ್ಟ ಕಷ್ಟ ಅಷ್ಟೇ. ಗ್ರೈಂಡರಿಗೆ ಸಿಕ್ಕಿ ಮೊಂಡಾದ ಕಿರುಬೆರಳು, ಬಾಯಿಯ ಬೈಗುಳ, ಬಿಟ್ಟುಹೋದ ಗಂಡ, ಎಲ್ಲ ನನ್ನದೇ. ವರ್ಷಗಳಾದ ಮೇಲೆ ಆ ಗಂಡ ಕೆಮ್ಮುತ್ತಾ ವಾಪಸು ಬರುತ್ತಾನೆ. ತುಂಗಮ್ಮ ಗಳಗಳ ಅಳುತ್ತಾಳೆ, ಅವನ ಕಾಲು ತೊಳೆದು ಒಳಗೆ ಕರೆಯುತ್ತಾಳೆ, ಅವನ ಪಾದದ ಮೇಲೆ ತಲೆಯಿಟ್ಟು ಸಾಯುತ್ತಾಳೆ.

ಸತ್ತದ್ದಕ್ಕೆ ನನ್ನ ತಕರಾರಿರಲಿಲ್ಲ. ಆದರೆ ನನ್ನ ಗಂಡ ಬಂದ ದಿನ ಮಂಜುನಾಥ ಬೆಂಚಿನ ಮೇಲೇ ಕೂತಿದ್ದ, ಕಣ್ಣಾರೆ ನೋಡಿದ್ದ. ಎಲ್ಲರಿಗೂ ಕೊಟ್ಟಂತೆ ಗಂಡನಿಗೂ ಇಡ್ಲಿ ಕೊಟ್ಟೆ. ನನ್ನಲ್ಲಿ ತಿಂದವರು ತಮ್ಮ ತಟ್ಟೆ ತಾವೇ ತೊಳೆದಿಡಬೇಕು. ಅವನೂ ತೊಳೆದಿಟ್ಟ, ಹೋದ. ಒಳಬಾಗಿಲು ದಾಟಲಿಲ್ಲ.

ಇಷ್ಟಕ್ಕೇ ನಾನು ಬಸ್ಸು ಹತ್ತುವವಳಲ್ಲ. ಚಟ್ನಿ ರುಬ್ಬಲು ಬರುವ ಪಕ್ಕದ ಮನೆಯ ಸೆಲ್ವಿಯ ಗಂಡ ಅವಳ ಕೈ ಮುರಿದು ಓಡಿಹೋಗಿದ್ದವನು, ಆ ತಿಂಗಳು ತಿರುಗಿ ಬಂದಿದ್ದ. ಸೋಮವಾರ ಬೆಳಗ್ಗೆ ಅವಳನ್ನು ಕರೆದುಕೊಂಡು ಹೋಗುತ್ತೇನೆ ಎಂದಿದ್ದ. ಅವಳ ಅಣ್ಣ ನನ್ನ ಪ್ರತಿಯನ್ನೇ ಒಯ್ದು ಬೀದಿಯವರ ಮುಂದೆ ಕಥೆ ಓದಿ ಅವಳಿಗೆ ಹೇಳಿದ: "ಇಡ್ಲಿ ಗಂಗಮ್ಮಾನೇ ಕಾಲು ತೊಳೆದು ಕರ್ಕೊಂಡ್ಲು. ನಿಂದೇನೇ ಧಿಮಾಕು?"

ಸೆಲ್ವಿ ನನ್ನ ಹತ್ತಿರ ಬಂದಳು. ತಮಿಳು ಮನೆಯವಳು, ಅಜ್ಜಿ ಎನ್ನುವ ಬದಲು ನನ್ನನ್ನು ಪಾಟಿ ಎನ್ನುತ್ತಾಳೆ. "ಪಾಟಿ, ನಿಜವಾಗ್ಲೂ ತೊಳೆದ್ರಾ?"

"ಇಲ್ಲ ಕಣೇ."

"ಅಚ್ಚಾಗಿದೆ, ಸುಳ್ಳಾಗುತ್ತಾ ಅಂತಾನೆ ನಮ್ಮಣ್ಣ."

ಪತ್ರಿಕೆಯ ಹಿಂಬದಿಯಲ್ಲಿ ವಿದ್ಯಾನಗರದ ಕಥೆ–ಕವಿತೆ ಓದಿನ ಕೂಟದ ದಿನ, ಜಾಗ, ಓದುವವರಲ್ಲಿ ಮಂಜುನಾಥನ ಹೆಸರೂ ಇತ್ತು. ಹಾಗಾಗಿ ಹೊರಟೆ.

ಸರ್ಕಾರಿ ಬಸ್ಸು. ಆಧಾರ್ ಕಾರ್ಡ್ ತೋರಿಸಿದರೆ ಹೆಂಗಸರಿಗೆ ದುಡ್ಡಿಲ್ಲ. ದುಡ್ಡಿಲ್ಲದವರ ಮಾತು ಕಂಡಕ್ಟರಿಗೆ ಕೇಳಿಸುವುದೂ ಇಲ್ಲ. ವಿದ್ಯಾನಗರದಲ್ಲಿ ಇಳಿಸಪ್ಪ ಎಂದು ಮಾಚೇನಹಳ್ಳಿಯಿಂದಲೇ ಕೂಗಿದರೂ ಅವನು ತುಂಗಾ ಸೇತುವೆ ದಾಟಿಸಿ ಸ್ಟ್ಯಾಂಡಿಗೇ ತಂದು ಬಿಟ್ಟ. ಅಲ್ಲಿಂದ ವಿದ್ಯಾನಗರಕ್ಕೆ ವಾಪಸು ಬರಲು ಆಟೋಕ್ಕೆ ಎಂಬತ್ತು ರೂಪಾಯಿ ತೆತ್ತೆ. ಡಾಂಬರು ಕಾದು ಚಪ್ಪಲಿಗೆ ಅಂಟುತ್ತಿತ್ತು.

ಮಹಡಿಯ ಮೇಲಿನ ಹಾಲ್. ಮೂವತ್ತು ಜನರಿರಬಹುದು, ಎಲ್ಲರೂ ಬರೆಯುವವರೇ. ಬಾಗಿಲಲ್ಲಿ ಒಬ್ಬ ಹುಡುಗಿ, "ಅಜ್ಜಿ, ನೀವು ಕವಿತೆನಾ, ಕಥೆನಾ?" ಎಂದಳು. "ಇಡ್ಲಿ," ಎಂದೆ. ಉಪ್ಪಿಟ್ಟು ಕೊಟ್ಟರು, ಉಪ್ಪು ಕಮ್ಮಿ. ಹಿಂದಿನ ಕುರ್ಚಿಯಲ್ಲಿ ಕೂತೆ.

ಮಂಜುನಾಥ ಅದೇ ಕಥೆ ಓದಿದ. ಕಾಲು ತೊಳೆಯುವ ಜಾಗ ಬಂದಾಗ ಹೆಂಗಸರು ಕಣ್ಣೊರೆಸಿಕೊಂಡರು, ಒಬ್ಬ ಗಂಡಸೂ ಒರೆಸಿಕೊಂಡ. ಯಾರಾದರೂ ಮಾತಾಡುತ್ತೀರಾ ಎಂದು ಕೇಳಿದಾಗ ಎದ್ದು ನಿಂತೆ. ಅವನು ನನ್ನನ್ನು ಕಂಡು ಬೆವೆತ.

"ಈ ಬೆರಳು ನಂದು," ಎಂದು ಕೈ ಎತ್ತಿ ತೋರಿಸಿದೆ. "ಆ ಬೈಗುಳಾನೂ ನಂದೇ. ಅಳು ಯಾರ್ದಪ್ಪ?"

"ಅಜ್ಜಿ, ಅದು ನೀವಲ್ಲ, ಪಾತ್ರ..."

"ಪಾತ್ರ ಆದ್ರೆ ಅದಕ್ಕೆ ಬೇರೆ ಬೆರಳು ಕೊಡು. ನೀನು ಕೂತು ನೋಡಿದ್ದೇನು, ಬರೆದಿದ್ದೇನು?"

ಅವನು ತಲೆ ತಗ್ಗಿಸಿ ಹೇಳಿದ. ಮೊದಲು ತಟ್ಟೆ ತೊಳೆದು ಹೋದದ್ದನ್ನೇ ಬರೆದಿದ್ದನಂತೆ. ಈ ಕೂಟದವರದು ಅಚ್ಚಿಗೆ ಮುಂಚೆ ಬರೆದದ್ದನ್ನು ತಮ್ಮ ಗುಂಪಿನಲ್ಲಿ ಹಂಚಿಕೊಂಡು ಓದಿ ಸಲಹೆ ಕೊಡುವ ಪದ್ಧತಿಯಂತೆ. ಕೊನೆ ಬಹಳ ಒರಟಾಯಿತು ಎಂದರಂತೆ.

ಅಷ್ಟಕ್ಕೇ ಕನ್ನಡಕ ಹಾಕಿದ ಒಬ್ಬ ಕವಯಿತ್ರಿ ಖುಷಿಯಿಂದ, "ಪಾದ ತೊಳೆಯೋದು ನಾನು ಹೇಳಿದ್ದು," ಎಂದಳು. "ಹೆಣ್ಣಿನ ಕ್ಷಮೆ ದೊಡ್ಡದಲ್ವಾ ಅಮ್ಮಾ?"

"ನಿಮ್ಮ ಮನೇಲಿ ತೊಳೀರಿ ತಾಯಿ. ನನ್ನ ಕೈಯಲ್ಲಿ ಯಾಕೆ ತೊಳೆಸ್ತೀರಿ?"

ಕಣ್ಣೊರೆಸಿಕೊಂಡ ಗಂಡಸು ಕೈ ಎತ್ತಿದ. "ಸಾವು ನನ್ನ ಸಲಹೆ." ಇನ್ನೊಬ್ಬ ಕೆಮ್ಮು ತನ್ನದೆಂದ. ಒಬ್ಬೊಬ್ಬರೂ ಒಂದೊಂದು ತಂದು ಹಾಕಿದ್ದರು, ಚಂದಾ ಎತ್ತಿದ ಹಾಗೆ. ಯಾರಿಗೂ ನಾಚಿಕೆ ಇರಲಿಲ್ಲ.

ನಾನು ಸೆಲ್ವಿಯ ವಿಷಯ ಹೇಳಿದೆ. ಪತ್ರಿಕೆಯ ಸಂಪಾದಕರು ವಯಸ್ಸಾದವರು, ಕೈ ಮುಗಿದು, "ತಪ್ಪಾಯ್ತಮ್ಮ. ಮುಂದಿನ ಸಂಚಿಕೇಲಿ ನಿಮ್ಮ ಮಾತನ್ನೇ ಪತ್ರ ಅಂತ ಹಾಕ್ತೀವಿ," ಎಂದರು.

"ಮುಂದಿನದು ಯಾವಾಗ?"

"ತ್ರೈಮಾಸಿಕ. ಆಷಾಢಕ್ಕೆ."

"ನಾಳೆ ಬೆಳಗ್ಗೆ ಕರ್ಕೊಂಡು ಹೋಗ್ತಾನೆ ಸ್ವಾಮಿ. ಆಷಾಢದ ಹೊತ್ತಿಗೆ ಇನ್ನೊಂದು ಕೈ ಮುರಿದಿರ್ತಾನೆ. ಅದನ್ನೂ ನೀವೆಲ್ಲ ಸೇರ್ಕೊಂಡು ಚೆಂದ ಮಾಡಿ ಬರೀರಿ."

ಬಾಗಿಲ ಹುಡುಗಿ ಫೋಟೋ ತೆಗೆಯಲು ಬಂದಳು. ಬೇಡ ಎಂದು ಇಳಿದುಬಂದೆ. ಮಂಜುನಾಥ ಬಸ್ಸಿನವರೆಗೆ ಹಿಂದೆ ಬಂದ. "ನೋಡಿದ್ದನ್ನೇ ಬರೆದಿದ್ದೆ ಅಜ್ಜಿ. ಹಾಗೇ ಇಟ್ರೆ ಹಾಕಲ್ಲ ಅಂದ್ರು."

"ಹಾಕದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಬಸ್ಸು ಹೊರಟಾಗ ಅವನು ಬಿಸಿಲಲ್ಲೇ ನಿಂತಿದ್ದ. ನನಗೆ ಅಯ್ಯೋ ಅನ್ನಿಸಲಿಲ್ಲ.

ಮಾರನೆಯ ಬೆಳಗ್ಗೆ ಒಲೆ ಹಚ್ಚುವ ಮೊದಲು ತಿಂಡಿ ಬರೆಯುವ ಕರಿಹಲಗೆ ಒರೆಸಿದೆ. ಇಡ್ಲಿ, ವಡೆ ಇದೆ, ದೋಸೆ ಇಲ್ಲ ಎಂದು ಬರೆದು, ಅದರ ಕೆಳಗೆ ಸೀಮೆಸುಣ್ಣ ಒತ್ತಿ ಹಿಡಿದು ಇನ್ನೊಂದು ಸಾಲು ಬರೆದೆ: ನಾನು ಯಾವ ಗಂಡಸಿನ ಕಾಲೂ ತೊಳೆದಿಲ್ಲ. ಗಂಗಮ್ಮ. ಬಂದವರೆಲ್ಲ ತಿನ್ನುತ್ತಾ ಓದಿದರು. ಎಂಟರ ಹೊತ್ತಿಗೆ ಸೆಲ್ವಿಯ ಅಣ್ಣ, ಗಂಡ ಇಬ್ಬರೂ ಬಂದು ಬೆಂಚಿನ ಮೇಲೆ ಕೂತರು, ಓದಿದರು. ಇಡ್ಲಿ ಕೊಟ್ಟೆ. ತಿಂದು ಮುಗಿಸಿ ಗಂಡ ತಟ್ಟೆಯನ್ನು ಸೆಲ್ವಿಯ ಕಡೆಗೆ ತಳ್ಳಿದ. ಅವಳು ಚಟ್ನಿಯ ಕೈಯನ್ನೇ ಚಾಚಿ ನಲ್ಲಿ ತೋರಿಸಿದಳು.